ಹಿಟ್ಟು ಉಬ್ಬದ ದಿನ ಪಕ್ಕದಲ್ಲಿದ್ದ ಅಕ್ಕನಿಗೆ

ಎಲ್ಲರೂ ಸೇರಿ ಅಡುಗೆ ಮಾಡಿ ಉಣ್ಣುವ ದಿನ, 40 ಜನಕ್ಕೆ ಬ್ರೆಡ್ ನಾನೇ ಮಾಡ್ತೀನಿ ಅಂತ ಜಂಬದಿಂದ ಒಪ್ಪಿಕೊಂಡಿದ್ದೆ. ಒಂದೂವರೆ ಗಂಟೆಯಾದರೂ ಹಿಟ್ಟು ಒಂಚೂರೂ ಉಬ್ಬಲಿಲ್ಲ. ಬಟ್ಟೆ ಎತ್ತಿ ಎತ್ತಿ ಇಣುಕುತ್ತಿದ್ದೆ. ಇಣುಕಿದರೆ ಉಬ್ಬುತ್ತಾ ಹೇಳಿ!

ಪಕ್ಕದಲ್ಲಿ ಈರುಳ್ಳಿ ಹೆಚ್ಚುತ್ತಿದ್ದ ನೀವು ಚಾಕು ಕೆಳಗಿಟ್ಟು, ಕೈ ಒರೆಸಿಕೊಂಡು ಬಂದಿರಿ. "ಯೀಸ್ಟ್‌ಗೆ ಹಾಕಿದ ನೀರು ಎಷ್ಟು ಬಿಸಿ ಇತ್ತು?" ಅಷ್ಟೇ ಕೇಳಿದ್ದು. ಆಗಷ್ಟೇ ಕುದಿಸಿ ಇಳಿಸಿದ್ದು ಅಂದೆ. ನೀವು ನಗಲಿಲ್ಲ. ನಿಮ್ಮ ಚೀಲದಿಂದ ಪುಟ್ಟ ಪೊಟ್ಟಣ ತೆಗೆದು, ಬೆರಳು ಅದ್ದಿದರೆ ಹಿತವಾಗಿರಬೇಕು, 40 ಡಿಗ್ರಿ ಒಳಗೆ ಸಾಕು, 60 ದಾಟಿದರೆ ಯೀಸ್ಟ್ ಸತ್ತೇ ಹೋಗುತ್ತೆ ಅಂತ ಹೇಳುತ್ತಲೇ ಉಗುರುಬೆಚ್ಚಗಿನ ನೀರಿಗೆ ಅದನ್ನೂ ಚಿಟಿಕೆ ಸಕ್ಕರೆಯನ್ನೂ ಬೆರೆಸಿದಿರಿ. 10 ನಿಮಿಷಕ್ಕೆ ನೊರೆ ಬಂತು. ನೊರೆ ನೋಡಿ ಅಷ್ಟು ಖುಷಿಪಟ್ಟಿದ್ದು ಅದೇ ಮೊದಲು.

ಹಳೆಯ ಹಿಟ್ಟನ್ನು ಎಸೆಯಲು ಬಿಡಲಿಲ್ಲ. ಅದಕ್ಕೇ ನೊರೆ, ಒಂದಿಷ್ಟು ಒಣಹಿಟ್ಟು ಸೇರಿಸಿ, ಅರ್ಧ ನನ್ನ ಕೈಗೆ ಕೊಟ್ಟು ನಾದಿದಿರಿ. ಓವನ್ ಬಿಸಿ ಮಾಡದೆ ಒಳಗಿನ ದೀಪ ಮಾತ್ರ ಹಾಕಿ ಬೆಚ್ಚಗಿಟ್ಟಿರಿ. ಊಟ ಒಂದು ಗಂಟೆ ತಡವಾಯಿತು, ಯಾರೂ ಗೊಣಗಲಿಲ್ಲ (ಒಬ್ಬರು ಗೊಣಗಿದರು, ಬಿಡಿ). ಬೆಂದ ಬ್ರೆಡ್ಡಿನ ತಳ ತಟ್ಟಿ, ಟೊಳ್ಳು ಸದ್ದು ಕೇಳಿ, ನನ್ನ ಕಡೆ ತಲೆ ಆಡಿಸಿದಿರಲ್ಲ, ಆಗ ನನಗೆ ಉಸಿರು ಬಂತು.

ಹೆಸರು ಕೇಳೋಣ ಅನ್ನುವಷ್ಟರಲ್ಲಿ ನೀವು ಪಾತ್ರೆ ತೊಳೆಯುವ ಕಡೆ ಹೋಗಿದ್ದಿರಿ, ಆಮೇಲೆ ಕಾಣಲೇ ಇಲ್ಲ. ತುಂಬಾ ಥ್ಯಾಂಕ್ಸ್ ಅಕ್ಕಾ. ಒಂದು ಪೊಟ್ಟಣ ಯೀಸ್ಟ್ ನಾನು ನಿಮಗೆ ಬಾಕಿ.