ಸೀಸನ್ನನ್ನು ದಡ ಮುಟ್ಟಿಸಿದವರಿಗೆ

ಈಶಾನ್ಯ ಇಂಗ್ಲೆಂಡಿನ ಸಣ್ಣ ಕ್ಲಬ್ಬುಗಳು ಆಡುವ ನಾರ್ದರ್ನ್ ಲೀಗಿನ 2021-22ರ ಸೀಸನ್ ಮುಗಿಯಿತು. ಮುಗಿಯಿತಲ್ಲ ಎನ್ನುವುದೇ ಈ ಸಲದ ದೊಡ್ಡ ಸಂತೋಷ. 1889ರಲ್ಲಿ ಶುರುವಾದ ಇದು ಇಂದಿಗೂ ನಡೆಯುತ್ತಿರುವ ಫುಟ್‌ಬಾಲ್ ಲೀಗುಗಳಲ್ಲಿ ಜಗತ್ತಿಗೇ ಎರಡನೆಯ ಹಳೆಯದು. ಅಂಥ ಲೀಗಿನ ಹಿಂದಿನ ಎರಡು ಸೀಸನ್‌ಗಳು ಕೊರೊನಾದಿಂದ ಅರ್ಧಕ್ಕೇ ನಿಂತವು. 2020ರ ಮಾರ್ಚಿನಲ್ಲಿ ಈ ಹಂತದ ಲೀಗುಗಳ ಫಲಿತಾಂಶಗಳನ್ನೆಲ್ಲ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆಯಾದ ಎಫ್‌ಎ ರದ್ದು ಮಾಡಿತು. ಅಷ್ಟು ತಿಂಗಳು ಆಡಿ ಗಳಿಸಿದ ಅಂಕಗಳು ಲೆಕ್ಕಕ್ಕೇ ಬರಲಿಲ್ಲ. ನಮ್ಮ ಲೀಗಿನದೇ ಎರಡು ತಂಡಗಳು, ಹೆಬ್ಬರ್ನ್ ಟೌನ್ ಮತ್ತು ಕಾನ್ಸೆಟ್, ತಲುಪಿದ್ದ 2020ರ ಎಫ್‌ಎ ವಾಸ್ (ಸಣ್ಣ ಕ್ಲಬ್ಬುಗಳ ಕಪ್) ಫೈನಲ್ ನಡೆದದ್ದು 2021ರ ಮೇ ತಿಂಗಳಲ್ಲಿ. ವೆಂಬ್ಲಿಯಲ್ಲಿ ಹೆಬ್ಬರ್ನ್ 3-2ರಿಂದ ಗೆದ್ದಾಗ ಕೇಕೆ ಹಾಕಲು ಗ್ಯಾಲರಿಯಲ್ಲಿ ಅಭಿಮಾನಿಗಳೇ ಇರಲಿಲ್ಲ.

ಈ ವರ್ಷ ಹಾಗಾಗಲಿಲ್ಲ. ಅದಕ್ಕೆ ಮೊದಲ ನಮಸ್ಕಾರ ಮೈದಾನ ನೋಡಿಕೊಂಡವರಿಗೆ.

ಡರಮ್ ಸೀಮೆಯ ಜಿಗುಟು ಮಣ್ಣಿನಲ್ಲಿ ನವೆಂಬರಿನಿಂದ ಮಾರ್ಚಿನವರೆಗೆ ನೀರು ಇಂಗುವುದೇ ಕಷ್ಟ. ಶನಿವಾರ ಮೂರು ಗಂಟೆಯ ಪಂದ್ಯಕ್ಕೆ ಇವರ ಕೆಲಸ ಬೆಳಗಿನ ಜಾವವೇ ಶುರು. ನಿಂತ ನೀರನ್ನು ಪೊರಕೆಯಿಂದ ತಳ್ಳಿದರೆ ಅದು ಪಕ್ಕದ ತಗ್ಗಿಗೆ ಹೋಗಿ ನಿಲ್ಲುತ್ತದೆ, ಅಷ್ಟೆ. ಮೊದಲು ಸ್ಪಂಜಿನ ರೋಲರ್‌ನಿಂದ ಹೀರಿ ತೆಗೆಯಬೇಕು. ಆಮೇಲೆ ನಾಲ್ಕು ಹಲ್ಲಿನ ಫೋರ್ಕನ್ನು ಅರ್ಧ ಗೇಣು ಆಳಕ್ಕೆ ಚುಚ್ಚಿ, ಹಿಡಿಯನ್ನು ತುಸು ಹಿಂದಕ್ಕೆ ಬಾಗಿಸಿ, ಕಿತ್ತು, ಒಂದು ಹೆಜ್ಜೆ ಆಚೆ ಮತ್ತೆ ಚುಚ್ಚಬೇಕು. ಒಂದು ಗೋಲಿನ ಮುಂಭಾಗಕ್ಕೇ ಇಂಥ ನೂರಾರು ಚುಚ್ಚು. ಅದರ ಮೇಲೆ ಒಣಗಿದ ದಪ್ಪ ಮರಳು. ನಯವಾದ ಮರಳು ಹಾಕಿದರೆ ಮಣ್ಣಿನ ಜೊತೆ ಕಲೆತು ಗಾರೆಯಂತೆ ಗಟ್ಟಿಯಾಗುತ್ತದೆ. ಹಸಿ ನೆಲಕ್ಕೆ ಭಾರದ ರೋಲರ್ ಎಳೆದರೆ ನೋಡಲು ಸಪಾಟು, ಆದರೆ ಮಣ್ಣಿನ ರಂಧ್ರಗಳು ಮುಚ್ಚಿ ಮುಂದಿನ ಮಳೆಗೆ ಅದೇ ಜಾಗ ಕೆರೆಯಾಗುತ್ತದೆ. ಆತುರ ಪಡದೆ ರೋಲರನ್ನು ಶೆಡ್ಡಿನಲ್ಲೇ ಬಿಟ್ಟವರಿಗೆ ಒಂದು ನಮಸ್ಕಾರ ಹೆಚ್ಚೇ ಸಲ್ಲಬೇಕು.

ಹಿಮ ಹೆಪ್ಪುಗಟ್ಟಿದರೆ ಮರಳಿಂದಲೂ ಪ್ರಯೋಜನವಿಲ್ಲ. ಸ್ಟ್ಯಾಂಡಿನ ನೆರಳು ಬೀಳುವ ಕಡೆ ನೆಲ ಮಧ್ಯಾಹ್ನವಾದರೂ ಕಲ್ಲಿನಂತಿರುತ್ತದೆ. ರೆಫರಿ ಅಲ್ಲಿ ಬೂಟಿನ ಹಿಮ್ಮಡಿ ಊರಿ ನೋಡುತ್ತಾರೆ; ಬೂಟಿನ ತಳದ ಗುಬುಟು, ಅಂದರೆ ಸ್ಟಡ್, ಇಳಿಯದಿದ್ದರೆ ಪಂದ್ಯವಿಲ್ಲ. ಬೆಳಿಗ್ಗೆಯೇ ಬಂದು ನೋಡಿ ಹೇಳಿದ ರೆಫರಿಗಳಿಗೂ ಕೃತಜ್ಞತೆ. ಎದುರಾಳಿ ತಂಡದ ಬಸ್ಸು ಹೊರಟ ಮೇಲೆ ಪಂದ್ಯ ರದ್ದಾದರೆ ಬಾಡಿಗೆ ದಂಡ, ಬೇಯಿಸಿಟ್ಟ ಪೈಗಳೂ ದಂಡ.

2021ರ ನವೆಂಬರ್ 26ರ ರಾತ್ರಿ ಆರ್ವೆನ್ ಬಿರುಗಾಳಿ ನಾರ್ಥಂಬರ್ಲೆಂಡಿನಲ್ಲಿ ಗಂಟೆಗೆ 98 ಮೈಲಿ ವೇಗದಲ್ಲಿ ಬೀಸಿತು. ಎಷ್ಟೋ ಮನೆಗಳಿಗೆ ವಾರ ಕಳೆದರೂ ಕರೆಂಟ್ ಬರಲಿಲ್ಲ. ಹೀಗೆ ಮುಂದಕ್ಕೆ ಹೋದ ಪಂದ್ಯಗಳೆಲ್ಲ ವಸಂತದ ವಾರದ ದಿನಗಳ ರಾತ್ರಿಗೆ ಬಂದು ಬೀಳುತ್ತವೆ. ಆಗ ಪೇಚಾಡುವವರು ಕ್ಲಬ್ಬಿನ ಕಾರ್ಯದರ್ಶಿ. ಹಗಲು ಕೆಲಸಕ್ಕೆ ಹೋಗುವ ಆಟಗಾರರು, ಸಿಗದ ರೆಫರಿ, ಅದೇ ಮೈದಾನದಲ್ಲಿ ಆಡಬೇಕಾದ ಕಿರಿಯರ ತಂಡ, ಎಲ್ಲವನ್ನೂ ಹೊಂದಿಸಿ ದಿನ ಗೊತ್ತುಮಾಡಿದ ಎಲ್ಲ ಕಾರ್ಯದರ್ಶಿಗಳಿಗೂ ನಾವು ಋಣಿಗಳು. ಗೇಟಿನಲ್ಲಿ ಚಿಲ್ಲರೆ ಎಣಿಸಿದವರು, ಕೆಸರಿನ ಜೆರ್ಸಿ ಒಗೆದವರು, ವಿರಾಮದ ಹದಿನೈದು ನಿಮಿಷದಲ್ಲಿ ಇಡೀ ಸಾಲಿಗೆ ಬಿಸಿ ಬಿಸಿ ಬೋವ್ರಿಲ್ (ಗೋಮಾಂಸದ ಸಾರದ ಪೇಯ) ಕೊಟ್ಟವರು, ನಿಮ್ಮನ್ನೂ ಮರೆತಿಲ್ಲ.

ಈಗ ಗೋಲಿನ ಮುಂದೆ ಹುಲ್ಲೇ ಉಳಿದಿಲ್ಲ. ಕೆದಕಿ, ರೈ ಹುಲ್ಲಿನ ಬೀಜ ಬಿತ್ತಿ, ಮೇಲೆ ತೆಳುವಾಗಿ ಮಣ್ಣು ಹರಡುವ ಕೆಲಸ ಈ ತಿಂಗಳೇ ಆಗಬೇಕು. ತಡವಾದರೆ ಮುಂದಿನ ಸೀಸನ್ನಿಗೆ ಬೇರು ಕೂರುವುದಿಲ್ಲ. ಕೈಜೋಡಿಸುವವರು ನಿಮ್ಮ ಹತ್ತಿರದ ಮೈದಾನಕ್ಕೆ ಹೋಗಿ. ಗೇಟು ತೆರೆದಿರುತ್ತದೆ, ಬರುವಾಗ ಒಂದು ಫೋರ್ಕ್ ಇರಲಿ.