ಬೋಲ್ಟ್ ಕುಳಿತರೆ ವಾಲ್ವ್ ಕುಳಿತಂತಲ್ಲ

ಮಾನ್ಯ ಸಂಪಾದಕರೇ,

ಟರ್ಬೊ (ಎಂಜಿನ್‌ಗೆ ಗಾಳಿಯನ್ನು ಒತ್ತಿ ಕಳಿಸುವ ಸಾಧನ) ಇರುವ ಪೆಟ್ರೋಲ್ ಕಾರುಗಳಿಗೆ ಕಂಪನಿಯದಲ್ಲದ ಬ್ಲೋ-ಆಫ್ ವಾಲ್ವ್, ಅಂದರೆ ಆಕ್ಸಿಲರೇಟರ್‌ನಿಂದ ಕಾಲು ತೆಗೆದಾಗ ಆ ಒತ್ತಡದ ಗಾಳಿಗೆ ದಾರಿ ಬಿಡುವ ಕವಾಟ, ಹಾಕಿಸುವವರೂ ಹಾಕಿಕೊಡುವ ಮೆಕ್ಯಾನಿಕ್‌ಗಳೂ ಬೋಲ್ಟ್ ಬಿಗಿಯಾದ ಕೂಡಲೇ ‘ಫಿಟ್ ಆಯಿತು’ ಎಂದುಬಿಡುತ್ತಾರೆ. ಈ ಅವಸರದಿಂದ ತೊಂದರೆ ಅನುಭವಿಸಿದವನಾಗಿ ಇದನ್ನು ಬರೆಯುತ್ತಿದ್ದೇನೆ.

ನನ್ನ ಕಾರಿಗೆ ಗ್ಯಾರೇಜೊಂದರಲ್ಲಿ ಇಂಥ ವಾಲ್ವ್ ಹಾಕಿಸಿದ್ದೆ. ಎರಡೂ ಬೋಲ್ಟ್‌ಗಳು ತಮ್ಮ ರಂಧ್ರಗಳಲ್ಲಿ ಸರಿಯಾಗಿ ಕುಳಿತಿದ್ದವು. ಹೊರನೋಟಕ್ಕೆ ಯಾವ ಕುಂದೂ ಕಾಣುತ್ತಿರಲಿಲ್ಲ. ಆದರೆ ಮರುದಿನದಿಂದಲೇ ಐಡ್ಲಿಂಗ್ (ಕಾರು ನಿಂತಿರುವಾಗಿನ ಎಂಜಿನ್ ಓಟ) ಏರಿಳಿಯತೊಡಗಿತು, ಏರುದಾರಿಯಲ್ಲಿ ಎಳೆತ ಕುಗ್ಗಿತು. ಬಿಚ್ಚಿಸಿ ನೋಡಿದಾಗ, ಓ-ರಿಂಗ್ (ಗಾಳಿ ಸೋರದಂತೆ ತಡೆಯುವ ರಬ್ಬರ್ ಉಂಗುರ) ತಾನು ಕೂರಬೇಕಾದ ಗ್ರೂವ್‌ನಿಂದ ಜಾರಿ, ಫ್ಲ್ಯಾಂಜಿನ (ಬೋಲ್ಟ್ ಹಾಕುವ ಚಪ್ಪಟೆ ಮುಖದ) ಅಂಚಿಗೆ ಸಿಕ್ಕಿಕೊಂಡು, ಉಗುರಿನಿಂದ ಗೀರಿದಷ್ಟು ಸಣ್ಣದಾಗಿ ಒಂದು ಕಡೆ ಸೀಳಿತ್ತು. ಗಾಳಿ ಸೋರಿದ ಆ ಜಾಗದಲ್ಲಿ ಎಣ್ಣೆಯಂಟಿದ ಕಪ್ಪು ಗೆರೆಯೊಂದು ಸ್ಪಷ್ಟವಾಗಿ ಮೂಡಿತ್ತು. ಫ್ಲ್ಯಾಂಜಿನ ಮುಖಕ್ಕೆ ತೆಳುವಾಗಿ ಮಸಿ ಸವರಿ, ಎದುರು ಮುಖಕ್ಕೆ ಒತ್ತಿ, ಗುರುತು ಸುತ್ತಲೂ ಒಂದೇ ಸಮನಾಗಿ ಬಿದ್ದಿದೆಯೇ ಎಂದು ಮೊದಲೇ ನೋಡಿದ್ದರೆ, ಬಿಗಿಯುವ ಮುನ್ನ ಓ-ರಿಂಗನ್ನು ಬೆರಳಾಡಿಸಿ ಕೂರಿಸಿದ್ದರೆ, ಇಷ್ಟಾಗುತ್ತಿರಲಿಲ್ಲ.

ಇನ್ನೂ ಹೆಚ್ಚು ಕಡೆಗಣಿಸಲ್ಪಡುವುದು ವಾಲ್ವನ್ನು ಮುಚ್ಚಿ ಹಿಡಿಯುವ ಸ್ಪ್ರಿಂಗ್. ಥ್ರಾಟಲ್ (ಎಂಜಿನ್‌ಗೆ ಗಾಳಿ ಬಿಡುವ ಬಾಗಿಲು) ಮುಚ್ಚಿದಾಗ ಟರ್ಬೊ ಒತ್ತಿ ಕಳಿಸಿದ ಗಾಳಿ ಮುಂದೆ ಹೋಗಲಾರದೆ ಟರ್ಬೊದ ಕಂಪ್ರೆಸರ್ ಚಕ್ರದತ್ತ ಹಿಮ್ಮರಳದಂತೆ, ಮ್ಯಾನಿಫೋಲ್ಡಿನ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆಯ) ವ್ಯಾಕ್ಯೂಮ್, ಅಂದರೆ ಒಳಗಿನ ಹೀರುವಿಕೆ, ಈ ವಾಲ್ವನ್ನು ತೆರೆದು ಗಾಳಿಗೆ ದಾರಿ ಬಿಡಬೇಕು. ಸ್ಪ್ರಿಂಗ್ ಅತಿ ಗಡುಸಾಗಿದ್ದರೆ ವಾಲ್ವ್ ತಡವಾಗಿ ತೆರೆದು, ಕಾಲು ತೆಗೆದಾಗಲೆಲ್ಲ ಪಟಪಟ ಸದ್ದು ಕೇಳಿಸುತ್ತದೆ; ಅದನ್ನು ಸೊಗಸೆಂದು ಭಾವಿಸುವ ಎಳೆಯ ಗೆಳೆಯರಿಗೆ, ಅದು ಗಾಳಿ ಚಕ್ರಕ್ಕೆ ಬಡಿಯುವ ಸದ್ದೆಂದು ಕಳಕಳಿಯಿಂದ ತಿಳಿಸಬಯಸುತ್ತೇನೆ. ಅತಿ ಸಡಿಲವಾಗಿದ್ದರೆ, ಐಡ್ಲಿಂಗಿನಲ್ಲಿ ಸಾಮಾನ್ಯವಾಗಿರುವ ಸುಮಾರು 18ರಿಂದ 22 ಇಂಚು ಪಾದರಸದಷ್ಟು ವ್ಯಾಕ್ಯೂಮಿಗೇ ವಾಲ್ವ್ ತೆರೆದುಕೊಂಡು, ಹೊರಗೆ ಗಾಳಿ ಬಿಡುವ ಮಾದರಿಗಳಲ್ಲಿ ಫಿಲ್ಟರ್ ಕಾಣದ ಧೂಳು ಗಾಳಿ ಒಳಸೇರುತ್ತದೆ. ಕೈಯಲ್ಲಿ ಒತ್ತುವ ವ್ಯಾಕ್ಯೂಮ್ ಪಂಪನ್ನು ವಾಲ್ವಿನ ನಿಪ್ಪಲ್‌ಗೆ ಜೋಡಿಸಿದರೆ ಅದು ಎಷ್ಟಕ್ಕೆ ತೆರೆಯುತ್ತದೆ ಎಂಬುದು ನಿಮಿಷದೊಳಗೆ ತಿಳಿಯುತ್ತದೆ. ಪಂಪಿನ ಮೀಟರ್ ಮುಳ್ಳು ನಿಲ್ಲದೆ ಇಳಿಯುತ್ತಿದ್ದರೆ ಡಯಾಫ್ರಮ್ (ವಾಲ್ವಿನ ರಬ್ಬರ್ ಪೊರೆ) ಅಥವಾ ಒಳಗಿನ ಸೀಲ್ ಸೋರುತ್ತಿದೆ ಎಂದೇ ಅರ್ಥ.

ವಾಲ್ವಿಗೆ ವ್ಯಾಕ್ಯೂಮ್ ತರುವ ಸಿಗ್ನಲ್ ಹೋಸನ್ನು ಥ್ರಾಟಲ್ ದಾಟಿದ ಮೇಲಿನ ಮ್ಯಾನಿಫೋಲ್ಡಿನಿಂದಲೇ ತೆಗೆಯಬೇಕು, ಆದಷ್ಟು ಗಿಡ್ಡವಾಗಿರಬೇಕು, ಬೇರಾವ ಉಪಕರಣದೊಂದಿಗೂ ಹಂಚಿಕೊಳ್ಳಬಾರದು. ಎಂಜಿನ್ ತನ್ನ ಮೌಂಟುಗಳ ಮೇಲೆ ಅಲುಗಾಡುವುದರಿಂದ ಬಾನೆಟ್ ಮುಚ್ಚಿ ತೆಗೆದು, ವಾಲ್ವ್ ಅದಕ್ಕೆ ಉಜ್ಜಿದ ಗುರುತಿದೆಯೇ ಎಂದೂ ನೋಡಬೇಕು. ಒಳಬರುವ ಗಾಳಿಯನ್ನು ಸೆನ್ಸರ್ ಅಳೆಯುವ ಎಂಜಿನ್‌ಗಳಲ್ಲಿ ಮತ್ತೊಂದು ತೊಡಕಿದೆ. ಅಳೆದ ಗಾಳಿಯನ್ನು ಹೊರಗೆ ಬಿಟ್ಟರೂ ಕಂಪ್ಯೂಟರ್ ಅದಕ್ಕೆ ತಕ್ಕಷ್ಟು ಪೆಟ್ರೋಲ್ ಹಾಕಿಯೇ ಹಾಕುತ್ತದೆ. ಕಪ್ಪು ಹೊಗೆ, ಟ್ರಾಫಿಕ್ ಸಿಗ್ನಲ್‌ನಲ್ಲಿ ಎಂಜಿನ್ ಆರಿಹೋಗುವುದು ಇವೆಲ್ಲ ಅದರ ಫಲ. ಅಂಥವುಗಳಿಗೆ ಗಾಳಿಯನ್ನು ಟರ್ಬೊದ ಮುಂಚಿನ ಪೈಪಿಗೆ ಮರಳಿಸುವ ಮಾದರಿಯೇ ಸೂಕ್ತ.

ಮಾರಾಟಗಾರರು ಫ್ಲ್ಯಾಂಜಿನ ಅಳತೆ, ಬೋಲ್ಟ್ ರಂಧ್ರಗಳ ನಡುವಿನ ಅಂತರ, ಸ್ಪ್ರಿಂಗ್ ಯಾವ ವ್ಯಾಕ್ಯೂಮ್ ವ್ಯಾಪ್ತಿಗೆ ಹೊಂದುತ್ತದೆ ಎಂಬ ವಿವರಗಳನ್ನು ಡಬ್ಬಿಯ ಮೇಲೆಯೇ ಮುದ್ರಿಸಬೇಕು. ಗ್ಯಾರೇಜಿನವರು ಕೀಲಿಕೈ ಮರಳಿಸುವ ಮುನ್ನ ಟರ್ಬೊದ ಗಾಳಿಬಾಯಿ ಮುಚ್ಚಿ, 10ರಿಂದ 15 ಪಿಎಸ್ಐ ಒತ್ತಡ ತುಂಬಿ, ಪ್ರತಿ ಜೋಡಣೆಗೂ ಸಾಬೂನು ನೀರು ಹಚ್ಚಿ, ಗುಳ್ಳೆ ಏಳದಿರುವುದನ್ನು ಮಾಲೀಕರಿಗೆ ಕಣ್ಣಾರೆ ತೋರಿಸಬೇಕೆಂದು ಕೋರುತ್ತೇನೆ.

ಇಂತು,
ಒಬ್ಬ ಓದುಗ