ಪಾರ್ಕಿಗೆ ಬೀಗ, ಮಕ್ಕಳು ಬೀದಿಗೆ

ಮಾನ್ಯರೇ,

ನಮ್ಮ ಬಡಾವಣೆಯ ಪಾರ್ಕಿನಿಂದ ಅಂಗನವಾಡಿ ಮಕ್ಕಳನ್ನು ಹೊರಗೆ ಕಳಿಸಿದ ಸುದ್ದಿ ನಿನ್ನೆ ನಿಮ್ಮ ಪತ್ರಿಕೆಯಲ್ಲಿ ಬಂದಿದೆ. ‘ಸಣ್ಣ ಗೊಂದಲ, ಈಗ ಸರಿಹೋಗಿದೆ’ ಎಂದು ಅಧಿಕಾರಿಗಳು ಹೇಳಿದ್ದಾರೆ. ಏನೂ ಸರಿಹೋಗಿಲ್ಲ. ಇವತ್ತು ಬೆಳಗ್ಗೆಯೂ ಗೇಟಿಗೆ ಬೀಗ ಇತ್ತು. ಆ 14 ಮಕ್ಕಳಲ್ಲಿ ನನ್ನ ಮೊಮ್ಮಗಳೂ ಒಬ್ಬಳು. ಅವತ್ತು ನಾನೂ ಅಲ್ಲೇ ಇದ್ದೆ.

ಅಂಗನವಾಡಿ ಇರುವುದು ಬಾಡಿಗೆ ಮನೆಯ ಒಂದೇ ಕೋಣೆಯಲ್ಲಿ. ಅಕ್ಕಿ ಮೂಟೆ, ಗ್ಯಾಸ್ ಸ್ಟೌ, ತೂಕದ ಯಂತ್ರ ಎಲ್ಲ ಅಲ್ಲೇ. ಉಳಿದ ಜಾಗದಲ್ಲಿ ಮಕ್ಕಳು. ಅದಕ್ಕೇ ಟೀಚರ್ ವಾರಕ್ಕೆ ಮೂರು ದಿನ ಮಕ್ಕಳ ಕೈಗೆ ಉದ್ದನೆಯ ಹಗ್ಗ ಹಿಡಿಸಿ, ಸಾಲಾಗಿ ಪಾರ್ಕಿನ ಹೊಂಗೆ ಮರದ ಕೆಳಗೆ ಕರೆದುಕೊಂಡು ಹೋಗುತ್ತಿದ್ದರು. ಆಯಾಗೆ ಅಡುಗೆ ಕೆಲಸ ಇರುತ್ತದೆ, ಹಾಗಾಗಿ ನಾನೂ ಜೊತೆಗೆ ಹೋಗುತ್ತಿದ್ದೆ.

ಅಲ್ಲಿ ಮಕ್ಕಳು ಕಲಿಯುವುದನ್ನು ನೋಡಬೇಕು! ಉದುರಿದ ಹೊಂಗೆ ಕಾಯಿ ಆರಿಸಿ, ದೊಡ್ಡದನ್ನೆಲ್ಲ ಒಂದು ಕಡೆ, ಚಿಕ್ಕದನ್ನೆಲ್ಲ ಇನ್ನೊಂದು ಕಡೆ ಗುಡ್ಡೆ ಹಾಕುತ್ತಾರೆ. ಐದರ ಮೇಲೆ ಎಣಿಸಲು ಬಾರದ ನನ್ನ ಮೊಮ್ಮಗಳು ಆ ಕಾಯಿಗಳಲ್ಲೇ ಇಪ್ಪತ್ತರ ತನಕ ಕಲಿತಳು. ಬೇಲಿ ಪಕ್ಕ ಮುಟ್ಟಿದರೆ ಮುನಿ ಗಿಡ ಇದೆ. ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು ಒಂದೇ ಬೆರಳು ತಾಗಿಸುತ್ತಾಳೆ. ಎಲೆ ಮುಚ್ಚಿಕೊಳ್ಳುತ್ತದೆ. ಮತ್ತೆ ಬಿಚ್ಚುವ ತನಕ ಅಲ್ಲಾಡದೆ ಕಾಯುತ್ತಾಳೆ. ಮನೆಯಲ್ಲಿ ಎರಡು ನಿಮಿಷ ಸುಮ್ನೆ ಕೂರದ ಹುಡುಗಿ ಅವಳು.

ಮೊನ್ನೆ ಸೋಮವಾರ ಕಾವಲುಗಾರ ಬಂದು, ‘ಹತ್ತರಿಂದ ನಾಲ್ಕರ ತನಕ ಪಾರ್ಕ್ ಬಂದ್, ಹೊರಡಿ’ ಅಂದ. ‘ಇಷ್ಟು ದಿನ ಬರ್ತಾ ಇರ್ಲಿಲ್ವೇನಪ್ಪಾ?’ ಅಂದೆ. ‘ಹೊಸ ಆರ್ಡರ್ ಅಜ್ಜಿ, ನಾನೇನ್ ಮಾಡ್ಲಿ’ ಅಂದ. ಪಾಪ, ಅವನ ಮೇಲೆ ನನಗೆ ಸಿಟ್ಟಿಲ್ಲ. ಗಡಿಬಿಡಿಯಲ್ಲಿ ಒಬ್ಬ ಹುಡುಗನ ಚಪ್ಪಲಿ ಒಳಗೇ ಉಳಿಯಿತು. ಬಿಸಿಲಿಗೆ ಕಾದ ಟಾರು ರಸ್ತೆ. ಮಗು ಅಳುತ್ತಾ ಒಂಟಿ ಕಾಲಲ್ಲಿ ಕುಣಿಯುತ್ತಿತ್ತು. 67 ವರ್ಷದ ನಾನು ಅವನನ್ನು ಎತ್ತಿಕೊಂಡು ನಡೆದೆ. ಸೊಂಟ ಹಿಡಿದದ್ದು ಇನ್ನೂ ಬಿಟ್ಟಿಲ್ಲ.

ಮರುದಿನ ಆಟೋಗೆ 160 ರೂಪಾಯಿ ಕೊಟ್ಟು ಕಚೇರಿಗೆ ಹೋದೆ. ಒಬ್ಬರು ಇನ್ನೊಬ್ಬರನ್ನು ಕೇಳಿ ಎಂದರು. ಆ ಇನ್ನೊಬ್ಬರು ಮೀಟಿಂಗಿನಲ್ಲಿದ್ದರು. ಎರಡು ಗಂಟೆ ಕಾದ ಮೇಲೆ ಸಿಕ್ಕಿದ ಉತ್ತರ: ‘ಪಾಠ ಒಳಗೆ ಮಾಡಲಿ ಅಮ್ಮಾ, ಪಾರ್ಕ್ ಇರುವುದು ವಾಕಿಂಗಿಗೆ.’

ಮೂರು ವರ್ಷದ ಮಗುವಿಗೆ ಆಟ ಬೇರೆ, ಪಾಠ ಬೇರೆಯೇ? ಆಟದ ಮೂಲಕವೇ ಕಲಿಸಿ ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಹೇಳಿದೆ. ಅದಕ್ಕಿಂತ ಎಷ್ಟೋ ಮೊದಲೇ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳನ್ನು ಮರಗಿಡಗಳ ನಡುವೆ ಆಡಿಸಿ ಕಲಿಸಿದ್ದರು. 1975ರ ಅಕ್ಟೋಬರ್ 2ರಂದು ಅಂಗನವಾಡಿ ಯೋಜನೆ ಶುರುವಾದಾಗ ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ತಿ.ನರಸೀಪುರಕ್ಕೆ. ಇಷ್ಟು ವರ್ಷವಾದರೂ ನಮ್ಮ ಮಕ್ಕಳಿಗೆ ಒಂದು ಅಂಗಳ ಕೊಡಲು ಇವರಿಂದ ಆಗಿಲ್ಲ. ಇರುವ ಮರದ ನೆರಳನ್ನೂ ಕಿತ್ತುಕೊಳ್ಳುತ್ತಾರೆ.

ಇದೇ ಜನ ಹೋದ ವರ್ಷ ಪಾರ್ಕಿನ ಮರಳಿನ ಗುಂಡಿ ಮುಚ್ಚಿ ಟೈಲ್ಸ್ ಹಾಕಿದರು. ಮಳೆಗೆ ಜಾರಿ ಇಬ್ಬರು ಬಿದ್ದ ಮೇಲೆ ಕಿತ್ತು ಬೇರೆ ಟೈಲ್ಸ್ ಹಾಕಿದರು. ಹೊಂಗೆ ಮರದ ಬುಡಕ್ಕೂ ಸಿಮೆಂಟ್ ಮೆತ್ತಿದ್ದಾರೆ. ಮೂರನೇ ಅಡ್ಡರಸ್ತೆಯ ಚರಂಡಿಗೆ ಚಪ್ಪಡಿ ಹಾಕಿ ಎಂದು ನಾಲ್ಕು ಅರ್ಜಿ ಕೊಟ್ಟಿದ್ದೇವೆ. ಅದಕ್ಕೆ ಮಾತ್ರ ಇವರ ಹತ್ತಿರ ದುಡ್ಡಿಲ್ಲ.

ನಾಳೆಯಿಂದಲೇ ಗೇಟು ತೆಗೆಯಲಿ. ಅಂಗನವಾಡಿಗೆ ಮರ ಇರುವ ಜಾಗವನ್ನೂ ಕೊಡಲಿ. ಎರಡೂ ಆಗಬೇಕು. ಆರ್ಡರ್ ಮಾಡಿದವರು ಒಂದು ದಿನ ಬಂದು ಆ ಕೋಣೆಯಲ್ಲಿ, ಗ್ಯಾಸ್ ಸ್ಟೌ ಪಕ್ಕ, 14 ಮಕ್ಕಳ ಜೊತೆ ಕೂತು ನೋಡಲಿ. ಅವರ ಮನೆಯಲ್ಲೂ ಮಕ್ಕಳು, ಮೊಮ್ಮಕ್ಕಳು ಇರುತ್ತಾರೆ ಅಲ್ವಾ? ನಾಚಿಕೆಯಾಗಬೇಕು.

– ಬಡಾವಣೆಯ ಒಬ್ಬ ಅಜ್ಜಿ